ನಮ್ಮೂರಿನಲ್ಲಿ ಏನೂ ಇಲ್ಲ

ನನ್ನ ಅಕ್ಷರ ದುಂಡಗಿದೆ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ, ತಪ್ಪೊಪ್ಪಿಗೆ ಎಂದು ಹೇಳುತ್ತಿದ್ದೇನೆ. ಕುಡಿತದಿಂದ, ಇಸ್ಪೀಟಿನಿಂದ ಮನೆ ಹಾಳಾದವರನ್ನು ನೀವು ಕಂಡಿರುತ್ತೀರಿ. ದುಂಡಗಿನ ಅಕ್ಷರದಿಂದ ಒಂದು ಊರಿನ ಗುಡ್ಡ ಹಾಳಾಗುವುದರಲ್ಲಿತ್ತು ಎಂದರೆ ನಂಬುತ್ತೀರಾ? ನಂಬಿ. ಆ ಅಕ್ಷರದ ಆಸಾಮಿ ನಾನೇ. ಇದೆಲ್ಲ ನಡೆದದ್ದು ತೊಂಬತ್ತರ ದಶಕದ ನಡುವಿನಲ್ಲಿ. ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಸಿಟ್ಟು ಯಾರ ಮೇಲೆ ಎಂದು ಕೇಳಬೇಡಿ. ಎಲ್ಲರ ಮೇಲೂ ಒಂದೊಂದು ಪಾಲು ಇದೆ, ದೊಡ್ಡ ಪಾಲು ನನ್ನ ಮೇಲೆಯೇ.

ಮೊದಲು ಊರು. ನಾಗಮಂಗಲಕ್ಕೂ ಪಾಂಡವಪುರಕ್ಕೂ ನಡುವೆ ಕಲ್ಲುಗುಡ್ಡಗಳು ಒಂದಕ್ಕೊಂದು ಒರಗಿಕೊಂಡಿರುವ ಸೀಮೆಯೊಂದಿದೆ. ಅದರಲ್ಲೊಂದು ಗುಡ್ಡದ ತೊಡೆಯ ಮೇಲೆ ನಮ್ಮ ಬೋರೆಕೊಪ್ಪಲು ಕೂತಿದೆ. ಬೋರೆ ಎಂದರೆ ನಮ್ಮ ಕಡೆ ದಿಬ್ಬ, ಗುಡ್ಡ. ಅರವತ್ತು ಮನೆ, ಒಂದು ಮಾರಿಗುಡಿ, ಒಂದು ಅರಳಿಕಟ್ಟೆ, ನಾನು ಮೇಷ್ಟ್ರಾಗಿದ್ದ ಎರಡು ಕೋಣೆಯ ಒಂದು ಶಾಲೆ. ದೇವಲಾಪುರದಲ್ಲಿ ಬಸ್ಸಿಳಿದು ರಾಗಿ ಹೊಲ, ಹುರುಳಿ ಹೊಲಗಳ ಬದು ಹಿಡಿದು ನಡೆದರೆ ಒಂದು ಗಂಟೆಯ ದಾರಿ. ಎದುರು ಸಿಕ್ಕವರನ್ನೆಲ್ಲ ಮಾತಾಡಿಸಿಕೊಂಡು ಬಂದರೆ ಎರಡು ಗಂಟೆ. ನನ್ನ ಹೆಂಡತಿ ಪಾಲಹಳ್ಳಿಯವಳು. ಅದು ಅಣೆಕಟ್ಟೆಯ ಕೆಳಗಿನ ಊರು, ನಾಲೆಯ ತೂಬು ಎತ್ತಿದರೆ ಗದ್ದೆಗೆ ನೀರು. ಮದುವೆಯಾಗಿ ಬಂದ ಮೊದಲ ದಿನ ಅವಳು ನಮ್ಮ ಬೋರೆಯನ್ನು ಬುಡದಿಂದ ನೆತ್ತಿಯವರೆಗೆ ನೋಡಿ, "ಇಲ್ಲಿ ಮನುಷ್ಯರು ಏನ್ ಕುಡೀತಾರೆ?" ಎಂದು ಕೇಳಿದಳು. ನಾನು ಒಂದು ಲೋಟ ನೀರು ಕೊಟ್ಟೆ. ಕುಡಿದಳು. ಅವತ್ತಿನಿಂದ ಆ ಪ್ರಶ್ನೆ ಕೇಳಿಲ್ಲ.

ಆ ನೀರು ಬೋರೆಯ ಮೇಲಿನ ದೊಣೆಯದು. ಬಂಡೆಯಲ್ಲಿ ತಾನಾಗಿ ಆದ ಗುಳಿಗೆ ನಾವು ದೊಣೆ ಎನ್ನುತ್ತೇವೆ. ಮಳೆಗಾಲದಲ್ಲಿ ತುಂಬಿಕೊಂಡರೆ ಮುಂದಿನ ಮಳೆಯವರೆಗೂ ಕೈ ಬಿಡುವುದಿಲ್ಲ. ನಮ್ಮಲ್ಲಿ ಇವು ಐದು ಇವೆ. ಎಲ್ಲಕ್ಕಿಂತ ಮೇಲಿನದು ತಾಯಿದೊಣೆ, ಅದು ಮನುಷ್ಯರಿಗೆ. ಕೆಳಗಿನ ಹಾಸುಬಂಡೆಯಲ್ಲಿರುವುದು ದನದ ದೊಣೆ. ಅಂಗೈಯಷ್ಟು ಆಳದ ಗುಬ್ಬಿದೊಣೆಗೆ ಯಾರೂ ಕೊಡ ಅದ್ದುವಂತಿಲ್ಲ, ಅದು ಹಕ್ಕಿಗಳದು. ಉಳಿದೆರಡು ಬಟ್ಟೆ ಒಗೆಯುವುದಕ್ಕೆ, ಮೇಕೆ ಕುರಿಗೆ. ಊರೊಳಗೆ ಒಂದು ಬೋರ್‌ವೆಲ್ಲೂ ಇದೆ. ಅದರ ನೀರು ಎಷ್ಟು ಗಡುಸು ಎಂದರೆ ಬೆಳಿಗ್ಗೆ ಒಲೆಗಿಟ್ಟ ಬೇಳೆ ಮಧ್ಯಾಹ್ನವಾದರೂ ಬೇಯುವುದಿಲ್ಲ. ಬೇಳೆ ಬೇಯಬೇಕಾದರೆ ಬೋರೆ ಹತ್ತಲೇಬೇಕು. ನಮ್ಮೂರಿನ ಹೆಂಗಸರ ಕಾಲಿನ ಮೀನಖಂಡ ನೋಡಿದರೆ ಸಾಕು, ಎಷ್ಟು ಬೇಳೆ ಬೇಯಿಸಿದ್ದಾರೆ ಎಂದು ಗೊತ್ತಾಗುತ್ತದೆ.

ಇಷ್ಟೆಲ್ಲ ಇದ್ದರೂ ನೀವು ನಮ್ಮೂರಿಗೆ ಬಂದು, "ಏನಪ್ಪಾ ನಿಮ್ಮೂರಲ್ಲಿ ಏನಿದೆ?" ಎಂದು ಕೇಳಿದರೆ, ಅರಳಿಕಟ್ಟೆಯ ಮೇಲೆ ಕೂತವರು ಒಂದೇ ದನಿಯಲ್ಲಿ, "ಏನದೆ ಬುಡಿ ಸಾಮಿ" ಎನ್ನುತ್ತಾರೆ. ಇದು ವಿನಯವಲ್ಲ, ಭಯ. ಇದೆ ಎಂದರೆ ಕಣ್ಣು ಬೀಳುತ್ತದೆ. ರಾಗಿ ಆಳೆತ್ತರ ಬಂದಿದ್ದರೆ "ಏನ್ ರಾಗಿಯೋ, ಕಾಲ್ಗೆ ತೊಡುರ್ತದೆ ಅಷ್ಟೆ" ಎನ್ನಬೇಕು. ಹಸು ಬಿಂದಿಗೆ ತುಂಬ ಹಾಲು ಕೊಟ್ಟರೆ "ಕರುಗೂ ಸಾಲ್ದು" ಎನ್ನಬೇಕು. ಮಗು ಗುಂಡುಗುಂಡಾಗಿದ್ದರೆ ಕೆನ್ನೆಗೊಂದು ಕಪ್ಪು ಬೊಟ್ಟು ಇಟ್ಟು, "ಈ ಮೂದೇವಿ ಅನ್ನಾನೇ ತಿನ್ನಲ್ಲ" ಎಂದು ಬೈಯಬೇಕು. ಮೂದೇವಿ ಆಗ ಮೂರನೇ ಮುದ್ದೆ ನುಂಗುತ್ತಿರುತ್ತದೆ.

ಇದರ ಚೋದ್ಯ ಕೇಳಿ. ಇದೇ ಜನ ಮನೆಯೊಳಗೆ ಹೋದರೆ ಇಲ್ಲ ಎನ್ನುವುದೇ ಇಲ್ಲ. ಮಡಕೆಯಲ್ಲಿ ಒಂದು ಕಾಳು ಅಕ್ಕಿ ಉಳಿಯದಿದ್ದರೆ "ಅಕ್ಕಿ ತುಂಬ್ಯದೆ" ಎನ್ನುತ್ತಾರೆ. ಬಳೆ ಒಡೆದರೆ "ಹೆಚ್ಚಾಯ್ತು". ದೀಪ ಆರಿಸುವಾಗ "ದೀಪ ದೊಡ್ಡದು ಮಾಡು". ಒಟ್ಟಿನಲ್ಲಿ ಇಲ್ಲದ್ದನ್ನು ಮನೆಯವರ ಹತ್ತಿರ ಇದೆ ಎನ್ನುವುದು, ಇರುವುದನ್ನು ಹೊರಗಿನವರ ಹತ್ತಿರ ಇಲ್ಲ ಎನ್ನುವುದು. ಇದರಲ್ಲಿ ಒಂದು ದೊಡ್ಡ ತತ್ವಜ್ಞಾನ ಇದೆ ಎಂದು ಹಿಂದೊಮ್ಮೆ ಶಿಕ್ಷಕರ ಸಭೆಯಲ್ಲಿ ನಾನು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಈಗ ಯಾರಾದರೂ ಆ ಭಾಷಣವನ್ನು ನೆನಪಿಸಿದರೆ ಎದ್ದು ಹೋಗುತ್ತೇನೆ.

ದೊಣೆ ತೋಡುವ ದಿನವಂತೂ ಈ ಭಯ ಹಬ್ಬದಂತೆಯೇ ನಡೆಯುತ್ತದೆ. ಯುಗಾದಿ ಕಳೆದ ಮೊದಲನೇ ಸೋಮವಾರ, ನೀರು ತಳ ಕಂಡಿರುವಾಗ, ಮನೆಗೊಬ್ಬರಂತೆ ಬೋರೆ ಹತ್ತಬೇಕು. ಚಪ್ಪಲಿ ಬುಡದಲ್ಲೇ ಬಿಡಬೇಕು. ವರ್ಷವಿಡೀ ಕೂತ ಗೋಡುಮಣ್ಣನ್ನು ತೆಂಗಿನ ಚಿಪ್ಪಿನಲ್ಲಿ ಬಳಿದು, ಮಂಕರಿಗೆ ತುಂಬಿ, ಕೆಳಗೆ ಹೊತ್ತು ತಂದು ಹೊಲಕ್ಕೆ ಹಾಕಬೇಕು. ಕೆಲಸ ಮುಗಿಯುವವರೆಗೂ ದೊಣೆಯನ್ನು ಬೈಯುತ್ತಲೇ ಇರಬೇಕು. ಇದರಲ್ಲಿ ನನ್ನ ಸೋದರತ್ತೆ ಕೆಂಪಮ್ಮನನ್ನು ಮೀರಿಸುವವರಿಲ್ಲ. ಕೆಂಪಮ್ಮತ್ತೆ ಸೊಂಟಕ್ಕೆ ಸೆರಗು ಸಿಕ್ಕಿಸಿ ತಾಯಿದೊಣೆಗೆ ಇಳಿದಳೆಂದರೆ, "ಏನ್ ದೊಣೆಯೋ ದರಿದ್ರದ್ದು! ಒಂದ್ ಕೊಡ ನೀರ್ಗೆ ಗತಿ ಇಲ್ಲ, ಇದ್ರ ಮುಸುಡಿಗೆ ನಾವ್ ಬೆನ್ನು ಮುರ್ಕಬೇಕು" ಎಂದು ಶುರುಮಾಡುತ್ತಾಳೆ. ಕೈ ಮಾತ್ರ ಕೂಸಿಗೆ ಎಣ್ಣೆ ಹಚ್ಚುವವಳಂತೆ ಕಲ್ಲನ್ನು ಸವರುತ್ತಿರುತ್ತದೆ. ಮರೆತು ಯಾರಾದರೂ "ಎಷ್ಟು ತಿಳಿಯಾಗಿ ಅದೆ ನೀರು" ಎಂದರೆ ಮುಗಿಯಿತು, ಅವರು ದೂರ ಹೋಗಿ ಮೂರು ಸಲ ಉಗಿದು ಬರಬೇಕು.

ಇನ್ನು ಆ ಪತ್ರದ ಕಥೆ. ಒಂದು ದಿನ ನಮ್ಮ ಗ್ರಾಮಲೆಕ್ಕಿಗರು ಶಾಲೆಗೆ ಬಂದು ಮೇಜಿನ ಮೇಲೆ ಉದ್ದದ ಕಾಗದವೊಂದನ್ನು ಹರಡಿದರು. ಮೇಲೆ ದಪ್ಪಕ್ಷರದಲ್ಲಿ 'ಗ್ರಾಮ ಪರಿಚಯ ಪತ್ರ' ಎಂದಿತ್ತು. ಪ್ರತಿ ಊರಿನ ವಿವರವನ್ನೂ ಅದರಲ್ಲಿ ತುಂಬಿ ಕಚೇರಿಗೆ ಕಳಿಸಬೇಕಂತೆ. ಯಾವ ಕಚೇರಿ ಎಂದು ಹೇಳುವುದಿಲ್ಲ. ನಮ್ಮ ಸೀಮೆಯಲ್ಲಿ ಕಚೇರಿಗಳಿಗೆ ಕೊರತೆಯಿಲ್ಲ, ನನಗೆ ಅಲ್ಲಿ ಇನ್ನೂ ಕೆಲಸ ಬೀಳುವುದಿದೆ. "ನಿಮ್ಮ ಅಕ್ಷರ ಮುದ್ರಣದ ಹಾಗಿದೆ ಮೇಷ್ಟ್ರೇ. ನನ್ನದು ನನಗೇ ಓದಕ್ಕಾಗಲ್ಲ. ನೀವೇ ತುಂಬಿಬಿಡಿ" ಎಂದರು. ನೋಡಿ, ಅಲ್ಲೇ ಬಿದ್ದೆ. ಅಕ್ಷರ ಹೊಗಳಿದರೆ ನಾನು ನನ್ನ ಮರಣಪತ್ರವನ್ನಾದರೂ ಬರೆದುಕೊಡುವವನು.

ಹದಿನಾಲ್ಕು ಕಲಮುಗಳಿದ್ದವು. ಕೆರೆ? ಇಲ್ಲ. ನಾಲೆ? ಇಲ್ಲ. ನದಿ? ಇಲ್ಲ. ದೊಣೆ ಎಂಬ ಕಲಮೇ ಇರಲಿಲ್ಲ. ಆ ಪತ್ರವನ್ನು ರೂಪಿಸಿದ ಮಹಾನುಭಾವನು ನಲ್ಲಿ ನೀರು ಕುಡಿದೇ ಬೆಳೆದವನಿರಬೇಕು. ಪ್ರೇಕ್ಷಣೀಯ ಸ್ಥಳ? ಇಲ್ಲ. ಐತಿಹಾಸಿಕ ಮಹತ್ವ? ಇಲ್ಲ. ಹನ್ನೆರಡನೇ ಕಲಮು, 'ಗ್ರಾಮದ ಸರಹದ್ದಿನಲ್ಲಿ ಗುಡ್ಡಬೆಟ್ಟಗಳಿದ್ದಲ್ಲಿ, ಅವುಗಳಿಂದ ಗ್ರಾಮಸ್ಥರಿಗೆ ಆಗುತ್ತಿರುವ ಉಪಯೋಗ'. ಆಗ ಜಗಲಿಯ ಮೇಲೆ ಜವರಣ್ಣ ಕೂತಿದ್ದ. ಜವರಣ್ಣ ಎಂದರೆ ಜವರೇಗೌಡ, ಊರಿನ ಹಿರಿಯ, ಇಪ್ಪತ್ತು ದನದ ಒಡೆಯ. "ಜವರಣ್ಣ, ಬೋರೆಯಿಂದ ನಮಗೆ ಏನು ಉಪಯೋಗ ಅಂತ ಬರೀಲಿ?" ಎಂದೆ. ಅವನು ಎಲೆಯಡಿಕೆ ಒಂದು ಕೆನ್ನೆಯಿಂದ ಇನ್ನೊಂದು ಕೆನ್ನೆಗೆ ದಾಟಿಸಿ, "ಏನದೆ ಬುಡು ಮೇಷ್ಟ್ರೆ, ಕಲ್ಲು" ಎಂದ. ನಾನು ಬರೆದೆ: 'ಕಲ್ಲು ಮಾತ್ರ. ಯಾವ ಉಪಯೋಗವೂ ಇಲ್ಲ.' ಕೆಳಗೆ ಸ್ಕೇಲು ಇಟ್ಟು ಗೆರೆಯನ್ನೂ ಎಳೆದೆ.

ಅವತ್ತು ಬೆಳಿಗ್ಗೆ ಅದೇ ಬೋರೆಯ ನೀರು ಕುಡಿದು ಬಂದಿದ್ದೆನಲ್ಲ, ಅಯೋಗ್ಯ! ಜವರಣ್ಣ ಓದದವನು, ಕಣ್ಣು ಬೀಳುತ್ತದೆಂದು ಹೆದರುವವನು. ನನಗೇನಾಗಿತ್ತು? ಈಗ ಯೋಚಿಸಿದರೆ ಎರಡು ಕಾರಣ ಹೊಳೆಯುತ್ತವೆ. ಒಂದು, ಅವನ ಭಯವೇ ನನ್ನೊಳಗೂ ಇತ್ತು, ಅದಕ್ಕೆ ನಾನು ಸರಳತೆ ಎಂದು ಹೆಸರಿಟ್ಟುಕೊಂಡಿದ್ದೆ ಅಷ್ಟೆ. ಎರಡು, ಹೇಳಲು ನಾಚಿಕೆಯಾಗುತ್ತದೆ, ನಾನು ಇಲ್ಲ ಎಂದು ಬಹಳ ಚೆನ್ನಾಗಿ ಬರೆಯುತ್ತೇನೆ. ಒಟ್ಟು ಹನ್ನೊಂದು ಕಲಮಿಗೆ ಹನ್ನೊಂದು ಇಲ್ಲ, ಒಂದರ ಕೆಳಗೊಂದು, ನೂಲು ಹಿಡಿದಂತೆ. ಮುಗಿಸಿ, ಕಾಗದವನ್ನು ತುಸು ದೂರ ಹಿಡಿದು ನೋಡಿ ಸಂತೋಷಪಟ್ಟೆ.

ಆರೇಳು ತಿಂಗಳು ಕಳೆದಿರಬೇಕು, ಊರಿಗೆ ಒಂದು ಜೀಪು ಬಂತು. ಇಳಿದವರು ಬೋರೆ ಹತ್ತಿ ಬಂಡೆಗಳ ಮೇಲೆ ಕೆಂಪು ಬಣ್ಣದಲ್ಲಿ ನಂಬರು ಬರೆದರು. ಯಾಕೆ ಏನು ಎಂದು ಒಬ್ಬರೂ ಕೇಳಲಿಲ್ಲ. ಪಾಪ ಬಿಸಿಲಲ್ಲಿ ಬಂದವರೆಂದು ಮಜ್ಜಿಗೆ ಕೊಟ್ಟರು! ಇದು ನನಗೆ ಇನ್ನೂ ಜೀರ್ಣವಾಗಿಲ್ಲ. ಹದಿನೈದು ದಿನಕ್ಕೆ ಟ್ರಾಕ್ಟರಿನ ಹಿಂದೆ ಕಟ್ಟಿಕೊಂಡು ಕಂಪ್ರೆಸರ್ ಮಿಷನ್ನು ಬಂತು. ನಮ್ಮ ಬೋರೆಯ ಕಲ್ಲಿಗೆ ಪಾಲಿಶ್ ಕೊಟ್ಟರೆ ಎಲ್ಲೋ ದೊಡ್ಡ ಮನೆಗಳ ನೆಲಕ್ಕೆ ಬಹಳ ಚೆನ್ನಾಗಿರುತ್ತದಂತೆ. ಬೋರೆಯನ್ನು ಇಪ್ಪತ್ತು ವರ್ಷಕ್ಕೆ ಗುತ್ತಿಗೆ ಕೊಟ್ಟಾಗಿತ್ತು.

ನಾನು ಮೂರನೇ ಕ್ಲಾಸಿಗೆ ಮಗ್ಗಿ ಹೇಳಿಕೊಡುತ್ತಿದ್ದೆ. ಕೆಂಪಮ್ಮತ್ತೆ ಬಾಗಿಲಿನಲ್ಲಿ ನಿಲ್ಲಲಿಲ್ಲ, ನೇರ ಒಳಗೆ ಬಂದು ನನ್ನ ರಟ್ಟೆ ಹಿಡಿದಳು. ಸೀರೆ ಮೊಣಕಾಲವರೆಗೆ ಒದ್ದೆಯಾಗಿತ್ತು.

"ಲೇ ಸಿದ್ದಾ, ದನದ ದೊಣೆ ಒಡುದ್ಬುಟ್ರು ಕಣ್ಲಾ!"

ಓಡಿದೆವು. ದೊಣೆಯ ಪಕ್ಕದ ಬಂಡೆಗೆ ಸಿಡಿಮದ್ದಿಟ್ಟಿದ್ದರು. ದೊಣೆಯ ಅಂಚಿನಿಂದ ತಳದವರೆಗೆ ಒಂದು ಬಿರುಕು, ಕೂದಲಿನಷ್ಟು ಸಣ್ಣದು. ಅಷ್ಟು ಸಾಕಾಗಿತ್ತು. ನೀರು ಹಾಸುಬಂಡೆಯ ಮೇಲೆ ಸದ್ದಿಲ್ಲದೆ ಇಳಿದುಹೋಗುತ್ತಿತ್ತು. ಜವರಣ್ಣನ ದನಗಳು ಸುತ್ತ ನಿಂತು ಅದನ್ನೇ ನೋಡುತ್ತಿದ್ದವು. ಹೆಂಗಸರು ಸೀರೆಯ ಸೆರಗಿನಿಂದ, ಸಗಣಿಯಿಂದ, ಕೆಸರಿನಿಂದ ಬಿರುಕು ಮುಚ್ಚಲು ಹೆಣಗಾಡುತ್ತಿದ್ದರು. ಕೆಂಪಮ್ಮತ್ತೆ ಅದಕ್ಕೆ ಅಂಗೈ ಒತ್ತಿಕೊಂಡು ಕೂತುಬಿಟ್ಟಳು. ವರ್ಷವರ್ಷವೂ ದೊಣೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದವಳು ಅವತ್ತು ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ದೊಣೆ ಬರಿದಾಯಿತು. ಮಿಷನ್ನಿನ ಮೇಸ್ತ್ರಿ, "ಇನ್ನು ಎಂಟು ದಿನಕ್ಕೆ ಮೇಲಿನ ಬಂಡೆ" ಎಂದು ಬೀಡಿ ಹಚ್ಚಿದ. ಮೇಲಿನ ಬಂಡೆ ಎಂದರೆ ತಾಯಿದೊಣೆ. ಅದು ಹೋದರೆ ಅರವತ್ತು ಮನೆಗೆ ಬಾಯಿಗೆ ಬಿಟ್ಟುಕೊಳ್ಳುವ ನೀರಿಲ್ಲ. ಊರೇ ಇಳಿದು ಹೋಗಬೇಕು.

ಮಾರನೆಯ ದಿನ ಜವರಣ್ಣನನ್ನು ಕಟ್ಟಿಕೊಂಡು ಕಚೇರಿಗೆ ಹೋದೆ. ಬಸ್ಸಿನುದ್ದಕ್ಕೂ ಬಾಯಲ್ಲೇ ಭಾಷಣ ಸಿದ್ಧಮಾಡಿದೆ. ನೀವು ಮನುಷ್ಯರೇನ್ರೀ, ಒಂದು ಊರಿನ ನೀರಿನ ಮೇಲೆ ಮದ್ದಿಡುವ ಮೊದಲು ಅಲ್ಲಿ ಏನಿದೆ ಎಂದು ಕೇಳುವುದಿಲ್ಲವೇನ್ರೀ, ಇತ್ಯಾದಿ. ಗುಮಾಸ್ತರ ಮುಂದೆ ಅದನ್ನೆಲ್ಲ ಏರುದನಿಯಲ್ಲಿ ಒಪ್ಪಿಸಿದೆ. ಮೇಜನ್ನೂ ಗುದ್ದಿದೆ. ಅವರು ಬೇಜಾರಿಲ್ಲದೆ ಎದ್ದು, ಕಡತ ತೆಗೆದು, ಒಂದು ಹಾಳೆ ನನ್ನ ಕಡೆ ತಿರುಗಿಸಿದರು.

"ಕೇಳಿದೀವಲ್ಲ ಸಾರ್. ನಿಮ್ಮೂರಿಂದಾನೇ ಬರಕೊಟ್ಟಿದಾರೆ. ಅದೇನು ಅಕ್ಷರ ಅಂತೀರಿ! ಮುತ್ತು ಪೋಣಿಸಿದ ಹಾಗಿದೆ."

'ಕಲ್ಲು ಮಾತ್ರ. ಯಾವ ಉಪಯೋಗವೂ ಇಲ್ಲ.' ಕೆಳಗೆ ಸ್ಕೇಲಿನ ಗೆರೆ. ಜವರಣ್ಣನಿಗೆ ಓದು ಬಾರದು. ಆದರೆ ತನ್ನ ಮೂರು ಮಕ್ಕಳ ಸ್ಲೇಟಿನ ಮೇಲೆ ನನ್ನ ಅಕ್ಷರ ನೋಡಿದ್ದವನು. ಹಾಳೆ ನೋಡಿದ, ನನ್ನ ಮುಖ ನೋಡಿದ, ಹೆಗಲ ಮೇಲಿನ ಟವಲು ಕೊಡವಿ, "ಬಾ ಮೇಷ್ಟ್ರೆ, ಬಸ್ ಬತ್ತದೆ" ಎಂದ. ದಾರಿಯಲ್ಲಿ ನನ್ನನ್ನು ಬೈಯಲಿಲ್ಲ. ಊರಿಗೆ ಬಂದ ಮೇಲೂ ಯಾರಿಗೂ ಹೇಳಲಿಲ್ಲ. ಬೈದಿದ್ದರೆ ನಾನೂ ಬೈದು ಹಗುರಾಗುತ್ತಿದ್ದೆ. ಅವನ ಒಳ್ಳೆಯತನದ ಮೇಲೆ ಬಂದಷ್ಟು ಸಿಟ್ಟು ನನಗೆ ಆ ಮೇಸ್ತ್ರಿಯ ಮೇಲೂ ಬಂದಿರಲಿಲ್ಲ. ಕೊನೆಗೆ ನಾನೇ ಅರಳಿಕಟ್ಟೆಯ ಹತ್ತಿರ ನಿಂತು ಎಲ್ಲರಿಗೂ ಹೇಳಿಬಿಟ್ಟೆ. ಯಾರೋ, "ಅಯ್ಯೋ ಬುಡಿ ಮೇಷ್ಟ್ರೆ, ನೀವೇನ್ ಬೇಕು ಅಂತ ಬರುದ್ರಾ" ಎಂದರು. ತಲೆ ಚಚ್ಚಿಕೊಳ್ಳಬೇಕೆನಿಸಿತು.

ನನಗೆ ಹಳೆಯ ಶಾಸನ ಓದುವ ಹುಚ್ಚು ಸ್ವಲ್ಪ ಉಂಟು. ಸಿಂಧಘಟ್ಟದ ನೆಂಟರ ಮನೆಗೆ ಹೋದರೂ ಊಟಕ್ಕಿಂತ ಮೊದಲು ಕಲ್ಲು ಹುಡುಕಿಕೊಂಡು ಹೋಗುವವನು. ಒಂದು ಊರನ್ನು ಬರೆಯುವುದೆಂದರೆ ಏನೆಂದು ಆ ಕಾಲದವರಿಗೆ ಗೊತ್ತಿತ್ತು. ಮೂಡಲಿಗೆ ಇಂಥ ಬಂಡೆ, ತೆಂಕಲಿಗೆ ಇಂಥ ಹುಣಿಸೆ, ಪಡುವಲಿಗೆ ಹುತ್ತ, ಬಡಗಲಿಗೆ ನೀರಿನ ಹೊಂಡ ಎಂದು ಒಂದೊಂದನ್ನೂ ಕೈಯಿಟ್ಟು ಮುಟ್ಟಿದಂತೆ ಕೊರೆಯುತ್ತಿದ್ದರು. ಹುತ್ತಕ್ಕೂ ಅಲ್ಲಿ ಜಾಗವಿತ್ತು. ಇದನ್ನು ಕೆಡಿಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟಲಿ ಎಂದು ಕೊನೆಯಲ್ಲಿ ಶಾಪವನ್ನೂ ಹಾಕುತ್ತಿದ್ದರು. ಆ ಶಾಪವನ್ನು ನಾನು ಎಷ್ಟೋ ಸಲ ನಗುತ್ತ ಓದಿದ್ದೇನೆ. ಆ ವಾರ ನಗು ಬರಲಿಲ್ಲ. ಅದರಲ್ಲಿ ಹೇಳಿದ ಹುಳು ದೇವಲಾಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಬಂದಿತ್ತು.

ತಕರಾರು ಅರ್ಜಿ ಬರೆದೆ. ದೊಡ್ಡ ಸಾಹೇಬರು ಸ್ಥಳಕ್ಕೆ ಬಂದು ನೋಡುವವರೆಗೆ ಮಿಷನ್ನು ನಿಲ್ಲಿಸುವಂತೆ ಆಯಿತು. ಅವರು ಬರುವ ದಿನ ಗೊತ್ತಾದ ಮೇಲೆ ಊರಿನವರನ್ನು ಶಾಲೆಯ ಜಗಲಿಯಲ್ಲಿ ಕೂರಿಸಿ ಪಾಠ ಶುರುಮಾಡಿದೆ. "ಸಾಹೇಬರು ಬೋರೆ ಮೇಲೆ ಏನಿದೆ ಅಂತ ಕೇಳ್ತಾರೆ. ಐದು ದೊಣೆ ಇದೆ ಅನ್ನಬೇಕು. ಎಲ್ಲಿ, ಹೇಳಿ ನೋಡೋಣ?" ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದುವೆ ಹುಡುಗಿಗೆ ಗಂಡನ ಹೆಸರು ಹೇಳು ಎಂದಂತಾಯಿತು. ನೆಲ ಕೆರೆದರು, ಕೆಮ್ಮಿದರು. ಜವರಣ್ಣ ಕೊನೆಗೆ ಹೇಳಿದ, "ಇಲ್ದೇ ಇರೋದ್ನ ಅದೆ ಅಂತ ಯೋಳ್ಬೋದು ಮೇಷ್ಟ್ರೆ. ಇರೋದ್ನ ಎಂಗೆ ಅದೆ ಅನ್ನದು? ನಾಳಿಕೆ ಬತ್ತೋದ್ರೆ?"

"ನಾಳಿದ್ದು ಸಿಡಿದೇ ಹೋಗ್ತದಲ್ಲೋ!" ಎಂದು ಕಿರುಚಿದೆ. ಹಿರಿಯನಿಗೆ ಏಕವಚನ ಹಾಕಿದ್ದು ಅವತ್ತೇ ಮೊದಲು. ಅವನು ಬೇಸರ ಮಾಡಿಕೊಳ್ಳಲಿಲ್ಲ. "ಆಯ್ತು ಬುಡು, ಅಂತೀನಿ" ಎಂದ.

ಸಾಹೇಬರು ಬಂದರು. ಅರಳಿಕಟ್ಟೆಯ ಮುಂದೆ ಜೀಪಿನಿಂದಿಳಿದು, ಎಲ್ಲರಿಗಿಂತ ಹಿರಿಯನಂತೆ ಕಂಡ ಜವರಣ್ಣನನ್ನೇ ಕೇಳಿದರು. "ಏನ್ ಗೌಡ್ರೇ, ಏನಿದೆ ನಿಮ್ಮ ಗುಡ್ಡದಲ್ಲಿ?"

ಜವರಣ್ಣ ಟವಲು ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ನನ್ನ ಕಡೆ ನೋಡಿದ. ಬೋರೆಯ ಕಡೆ ನೋಡಿದ. "ಏನದೆ ಬುಡಿ ಸಾಮಿ" ಎಂದ.

ಅರವತ್ತು ಮನೆಯ ಗಂಟಲು ಒಣಗಲಿಕ್ಕಿದೆ, ಈ ಮನುಷ್ಯ ಕಣ್ಣು ಬೀಳುತ್ತದೆಂದು ಹೆದರುತ್ತಿದ್ದಾನೆ! ನಾನು ಮುಂದೆ ನುಗ್ಗಿ, "ಸುಳ್ಳು ಸಾರ್, ಈ ಊರೇ ಸುಳ್ಳು, ನಾನೂ ಸುಳ್ಳ" ಎಂದು ಏನೇನೋ ಕೂಗಾಡಿದೆ. ಸಾಹೇಬರು ಗಾಬರಿಯಿಂದ ಒಂದು ಹೆಜ್ಜೆ ಹಿಂದೆ ಸರಿದರು. ಆಗ ಕೆಂಪಮ್ಮತ್ತೆ ತಂಬಿಗೆ ನೀರು, ಒಂದು ಚೂರು ಬೆಲ್ಲ ಹಿಡಿದು ಬಂದಳು. ಅವಳು ಪ್ರಕರಣದ ವಿಚಾರವಾಗಿ ಬಂದವಳಲ್ಲ. ಊರಿಗೆ ಬಂದವರಿಗೆ ಬೆಲ್ಲ ನೀರು ಕೊಡಬೇಕು, ಅಷ್ಟೇ.

"ಅವನ್ಗೆ ಬಾಯಿ ಜಾಸ್ತಿ, ಬುಡಿ ಸಾಮಿ. ಬಿಸ್ಲಲ್ಲಿ ಬಂದಿದೀರಾ, ಒಸಿ ನೀರ್ ಕುಡೀರಿ."

ಸಾಹೇಬರು ಕುಡಿದರು. ತಂಬಿಗೆ ಇಳಿಸಿ, ಅದರೊಳಗೆ ನೋಡಿ, ಮತ್ತೆ ಎತ್ತಿ ಪೂರ್ತಿ ಕುಡಿದರು. "ಎಲ್ಲಿ ನೀರಮ್ಮ ಇದು?"

"ಏನೋ ಸಾಮಿ, ಗತಿ ಇಲ್ದೋರ್ ನೀರು" ಎಂದಳು ಕೆಂಪಮ್ಮತ್ತೆ. ಕೈ ಮಾತ್ರ ಬೋರೆಯ ನೆತ್ತಿಯನ್ನು ತೋರಿಸುತ್ತಿತ್ತು.

ಸಾಹೇಬರು ಬೋರೆ ಹತ್ತಲು ಹೊರಟರು. ಬುಡದಲ್ಲಿ ಊರಿನವರೆಲ್ಲ ತಮ್ಮ ಪಾಡಿಗೆ ಚಪ್ಪಲಿ ಬಿಟ್ಟರು. ಯಾರೂ ಅವರಿಗೆ ಹೇಳಲಿಲ್ಲ. ಅವರು ಸುತ್ತ ನೋಡಿ, ಕೂತು, ಬೂಟಿನ ಲೇಸು ಬಿಚ್ಚಿದರು. ಮೇಲೆ ಹೋಗಿ ಒಡೆದ ದೊಣೆ ನೋಡಿದರು, ಬಿರುಕಿನೊಳಗೆ ಒಣಗಿದ ಸಗಣಿ, ಸೀರೆಯ ಚಿಂದಿ ನೋಡಿದರು, ತಾಯಿದೊಣೆಯ ಪಕ್ಕದ ಬಂಡೆಯ ಮೇಲಿನ ಕೆಂಪು ನಂಬರು ನೋಡಿದರು. ಇಳಿಯುವಾಗ ನನ್ನನ್ನು ಕರೆದರು. "ಮೇಷ್ಟ್ರೇ, ನಿಮ್ಮ ಅರ್ಜಿಯಲ್ಲಿ ಬರೀ ಬೈಗುಳ ಇದೆ. ಇಲ್ಲಿ ಏನೇನಿದೆ ಅನ್ನೋದನ್ನ ನೆಟ್ಟಗೆ ಬರೆದು ಸೋಮವಾರ ಕೊಡಿ. ಕಡತದಲ್ಲಿ ಹಳೇ ಪತ್ರದ ಜಾಗಕ್ಕೆ ಅದು ಹೋಗಬೇಕು. ಅದಿಲ್ಲದೆ ನಾನು ಏನೂ ಮಾಡೋ ಹಾಗಿಲ್ಲ."

ಕಥೆ ಹೇಳಿ ಕಾಯಿಸುವ ಚಟ ನನಗಿಲ್ಲ, ಆದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಮಿಷನ್ನು ಬಂದ ದಾರಿಯಲ್ಲೇ ಇಳಿದುಹೋಯಿತು. ನಾಲ್ಕು ದೊಣೆ ಉಳಿದವು. ದನದ ದೊಣೆ ಉಳಿಯಲಿಲ್ಲ. ಬಿರುಕಿಗೆ ಸಿಮೆಂಟು ಬಳಿದು ನೋಡಿದೆವು, ಸುಣ್ಣ ಬೆಲ್ಲ ಅರೆದು ತುಂಬಿ ನೋಡಿದೆವು. ಎಂಥ ಮಳೆ ಬಂದರೂ ಎರಡು ದಿನಕ್ಕೆ ಖಾಲಿ. ಜವರಣ್ಣ ದನಗಳನ್ನು ಮೇಕೆಗಳ ಜೊತೆಗೇ ಬಿಟ್ಟುಕೊಂಡು ಹೇಗೋ ನಿಭಾಯಿಸಿದ. ಯುಗಾದಿ ಕಳೆದ ಸೋಮವಾರ ನಮ್ಮ ಹೆಂಗಸರು ಅದರಲ್ಲೂ ಇಳಿದು, ಇಲ್ಲದ ಗೋಡನ್ನು ಬಳಿದು ತೋಡುತ್ತಾರೆ. ಅದೊಂದನ್ನು ಮಾತ್ರ ಯಾರೂ ಬೈಯುವುದಿಲ್ಲ. ಇದನ್ನು ನೋಡುವಾಗ ಪ್ರತಿವರ್ಷ ನನಗೆ ಸಿಟ್ಟು ಹೊಸದಾಗಿ ಬರುತ್ತದೆ. ಯಾವುದೋ ಊರಿನಲ್ಲಿ ಯಾರದೋ ಮನೆಯ ನೆಲ ಥಳಥಳ ಹೊಳೆಯುವುದನ್ನು ಕಂಡರೆ ಕಾಲಿಡಲು ಮನಸ್ಸಾಗುವುದಿಲ್ಲ.

ಆದರೆ ನಾನು ಹೇಳಬೇಕೆಂದು ಹೊರಟದ್ದು ಆ ಭಾನುವಾರದ ವಿಷಯ. ಬೆಳಿಗ್ಗೆಯಿಂದ ಕೆಂಪಮ್ಮತ್ತೆಯ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ಬರೆದೆ. ಅವಳು ಹುರುಳಿ ಬೇಯಲಿಟ್ಟು ಒಲೆ ಊದುತ್ತಿದ್ದಳು. ಐದು ದೊಣೆಗಳ ಹೆಸರು, ಯಾವುದು ಯಾರದು, ಎಷ್ಟು ಕೊಡ ಹಿಡಿಯುತ್ತದೆ. ತೋಡುವ ದಿನ ಯಾವುದು. ಹಕ್ಕಿಗಳ ಪಾಲು. ಬೋರೆಯ ಮೇಲೆ ಬೆಳೆಯುವ ಸೊಪ್ಪು, ಮೇಯುವ ದನ, ಇಳಿಜಾರಿನ ಬಾದೆಹುಲ್ಲು. ಜೀವನದಲ್ಲಿ ಮೊದಲ ಸಲ ಇದೆ, ಇದೆ, ಇದೆ ಎಂದು ಬರೆದೆ. ಮುಗಿದ ಮೇಲೆ ಗಟ್ಟಿಯಾಗಿ ಓದಿದೆ. ಎರಡನೇ ಸಾಲಿಗೇ ಊದುಗೊಳವೆ ನಿಂತಿತು. ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಮುಖ ಕೆಂಪಾಗಿತ್ತು.

"ಸಾಕು ನಿಲ್ಸ್ಲಾ! ಇರೋದ್ನೆಲ್ಲ ಇಂಗೆ ಬಾಯ್ಬುಟ್ಟು ಯೋಳಿದ್ರೆ ಉಳಿತದಾ? ಒಂದ್ ದೊಣೆ ಒಡುದ್ದು ಸಾಲ್ದಾ ನಿಂಗೆ?"

"ಅತ್ತೆ, ಹೇಳದೇ ಇದ್ದದ್ದಕ್ಕೇ ಕಣೇ ಒಡೆದದ್ದು!"

ಅವಳು ಒಲೆಗೆ ಒಂದು ಸೌದೆ ತಳ್ಳಿದಳು. ಆಮೇಲೆ, "ಎಲ್ಲಾ ಬರುದ್ಯಾ? ಗುಬ್ಬಿದೊಣೇನೂ?" ಎಂದಳು. ಹೂಂ ಎಂದೆ. "ಕೊಡಿಲ್ಲಿ" ಎಂದು ಕಾಗದ ತೆಗೆದುಕೊಂಡಳು. ಓದು ಬಾರದ ಕಣ್ಣಿನಲ್ಲಿ ಮೇಲಿಂದ ಕೆಳಗೆ ನೋಡಿದಳು. ನಾನು ತಡೆಯುವುದರೊಳಗೆ ಒಲೆಯ ಮೇಲಿನ ಮಡಕೆಯ ತಳಕ್ಕೆ ಬೆರಳು ಒತ್ತಿ, ಕಾಗದದ ಬಲಮೂಲೆಯಲ್ಲಿ ಮಸಿಯ ಒಂದು ದೊಡ್ಡ ಬೊಟ್ಟು ಇಟ್ಟಳು. ಮಗುವಿನ ಕೆನ್ನೆಗೆ ಇಡುವಂಥದ್ದೇ.

"ಈಗ ತಕ್ಕೊಂಡೋಗು" ಎಂದಳು.

ಸೋಮವಾರ ಗುಮಾಸ್ತರು ಕಾಗದವನ್ನು ಎರಡು ಬೆರಳಿನಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಮಸಿ ಅವರ ಬೆರಳಿಗೂ ಹತ್ತಿತು. "ಇದೇನ್ ಸಾರ್ ಇದು ಗಲೀಜು? ಅಷ್ಟು ಒಳ್ಳೆ ಅಕ್ಷರ ನಿಮ್ಮದು. ಇನ್ನೊಂದು ಚೊಕ್ಕ ಪ್ರತಿ ಬರೆದುಕೊಡಬಾರದೇ?"

ಅಕ್ಷರ ಹೊಗಳಿದರೆ ಬೀಳುವವನು ನಾನು. ಅವತ್ತು ಬೀಳಲಿಲ್ಲ.

"ಮೊದಲು ಕೊಟ್ಟದ್ದು ಚೊಕ್ಕ ಪ್ರತಿ ಸ್ವಾಮಿ" ಎಂದೆ. "ಇದನ್ನು ಹೀಗೇ ಇಟ್ಟುಕೊಳ್ಳಿ."